ಕೀರ್ತಿಶೇಷ ಮಾವನವರಿಗೆ ಸುಸ್ವಾಗತ

ಬಡವನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನರಸಿಂಹರಾಜುವಿಗೆ ಒಂದೇ ಕೊರಗು: ತನ್ನ ಉದಾತ್ತ ಭಾಷೆಗೆ ತಕ್ಕ ಹೆಂಡತಿ ಸಿಗಲಿಲ್ಲ. ಅವನು ಪೊರಕೆಯನ್ನು 'ಸಮ್ಮಾರ್ಜನಿ' ಎಂದರೆ ಅಶ್ವಿನಿ, "ಯಾರ್ರೀ ಅವ್ಳು?" ಎಂದು ಅದೇ ಪೊರಕೆ ಹಿಡಿದು ಬರುತ್ತಿದ್ದಳು.

ಈ ಭಾಷೆಯಿಂದ ಮದುವೆಯ ದಿನವೇ ಎಡವಟ್ಟಾಗಿತ್ತು. ಹೆಣ್ಣಿನ ತಂದೆ, ಪಾವಗಡದ ಕದಿರಯ್ಯನವರಿಗೆ "ಶ್ವಶುರರಿಗೆ ವಂದನೆ" ಎಂದು ಕೈ ಮುಗಿದಿದ್ದ. (ಶ್ವಶುರ ಎಂದರೆ ಮಾವ. ಅದು ಮಾವನಿಗೆ ಗೊತ್ತಿರಬೇಕಲ್ಲ!) ಓಲಗದ ಗದ್ದಲದಲ್ಲಿ ಅವರ ಕಿವಿಗೆ ಬಿದ್ದದ್ದು 'ಅಸುರ'. ಅಂದಿನಿಂದ ಅವರು ಅಳಿಯನ ಹೊಸ್ತಿಲು ತುಳಿದಿರಲಿಲ್ಲ. ಈಗ ಮಧುಗಿರಿಯ ಹೊಸ ಮನೆಯ ಗೃಹಪ್ರವೇಶಕ್ಕೆ, ಮಗಳು ಫೋನಿನಲ್ಲಿ ಅತ್ತೂ ಕರೆದೂ ಮಾಡಿದ ಮೇಲೆ, ಒಪ್ಪಿಕೊಂಡಿದ್ದರು.

"ನಮ್ಮಪ್ಪ ಈ ಸಲಾನೂ ಮುನಿಸ್ಕಂಡು ಹೋದ್ರೆ ನಾನೂ ಅವ್ರ ಹಿಂದೇನೇ ಬಸ್ ಹತ್ತೋಳೇ. ನೀವ್ ಬಾಯೇ ಬುಡಬ್ಯಾಡಿ!" ಎಂದಳು ಅಶ್ವಿನಿ.

ನರಸಿಂಹರಾಜು ಬಾಯಿ ಬಿಡಲಿಲ್ಲ. ಫ್ಲೆಕ್ಸ್ ಮಾಡಿಸಿದ! ಬಾಗಿಲಷ್ಟು ದೊಡ್ಡ ಮಾವನ ಫೋಟೊ, ಕೆಳಗೆ 'ಮುಖ್ಯ ಅತಿಥಿ, ಕೀರ್ತಿಶೇಷ ಶ್ರೀ ಕದಿರಯ್ಯನವರಿಗೆ ಸುಸ್ವಾಗತ'. ಪೇಪರಿನಲ್ಲಿ ದೊಡ್ಡ ದೊಡ್ಡವರ ಹೆಸರಿನ ಹಿಂದೆ ಆ ಪದ ನೋಡಿದ್ದ. ಆದಿಶೇಷನಿಗೆ ಸಾವಿರ ಹೆಡೆ ಇದ್ದಂತೆ ಮಾವನಿಗೆ ಸಾವಿರ ಕೀರ್ತಿ ಎಂದು ಅವನ ಲೆಕ್ಕ.

ಬೆಳಿಗ್ಗೆ ಕದಿರಯ್ಯ ಕಡಲೆಕಾಯಿ ಚೀಲದ ಸಮೇತ ಆಟೊ ಇಳಿದಾಗ, ಎದುರು ಮನೆಯ ಚಿಕ್ಕಹನುಮಕ್ಕ ಫ್ಲೆಕ್ಸಿಗೆ ಊದುಬತ್ತಿ ಬೆಳಗುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು.

"ಯಾರಮ್ಮಾ ಹೋಗಿದ್ದು?" ಕದಿರಯ್ಯ ಚೀಲ ಇಳಿಸುತ್ತ, ಫ್ಲೆಕ್ಸಿನತ್ತ ಕಣ್ಣೆತ್ತದೆ ಕೇಳಿದರು.

"ಈ ಮನೆಯೋರ ಮಾವ ಕಣಣ್ಣ. ಕೀರ್ತಿಶೇಷ ಅಂತ ಹಾಕವ್ರಲ್ಲ. ನಮ್ಮೆಜಮಾನ್ರು ಸತ್ತಾಗ ತಿಥಿ ಕಾರ್ಡ್‌ನಾಗೂ ಇದೇ ಹಾಕ್ಸಿದ್ವಿ," ಎಂದು ತಿರುಗಿದವಳು ಕಿಟಾರನೆ ಕಿರುಚಿ ಊದುಬತ್ತಿ ಬಿಸಾಕಿದಳು.

ಗಂಡ ಹೆಂಡತಿ ಇಬ್ಬರೂ ಓಡಿ ಬಂದರು.

"ಏಮಯ್ಯಾ ಅಳಿಯಾ! ನೇನು ಬತಿಕೇ ಉನ್ನಾನು! ಬದ್ಕೇ ಇದೀನಿ ಕಣಯ್ಯಾ!" ಕದಿರಯ್ಯ ಗುಡುಗಿದರು. "ಅತಿಥಿ ಅಂತ ಕರ್ದು ತಿಥಿ ಮಾಡ್ಬುಟ್ಯಲ್ಲೋ!"

ಅಶ್ವಿನಿ ಕಣ್ಣೀರು ಸುರಿಸುತ್ತ ಅಪ್ಪನ ಚೀಲ ಎತ್ತಿಕೊಂಡಳು. "ನಡಿಯಪ್ಪ, ನಾನೂ ಬತ್ತೀನಿ."

ಅಷ್ಟರಲ್ಲಿ ಒಳಗಿನಿಂದ ಒಬ್ಬಟ್ಟಿನ ಘಮ ಬಂತು. ಕದಿರಯ್ಯ ಫ್ಲೆಕ್ಸನ್ನು ಇನ್ನೊಮ್ಮೆ ನೋಡಿದರು. ಮೀಸೆ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು, ಕೊನೆಗೆ ಗಹಗಹಿಸಿ ನಕ್ಕುಬಿಟ್ಟರು.

"ಎಲ್ಲಿಗೆ ಹೋಗೋದಮ್ಮಾ? ಸತ್ತೋನಿಗೆ ಬಸ್ನಾಗೆ ಯಾವನು ಸೀಟ್ ಕೊಡ್ತಾನೆ? ನನ್ ತಿಥಿ ಊಟ ಉಂಡ್ಕಂಡೇ ಹೋಗದು ನಾನು! ಅಲ್ಲೀಗಂಟ ನಿನ್ ಗಂಡನ ಬಾಯಿಗೆ ಸೂತಕ. ಒಂದ್ ದೊಡ್ಡ ಪದ ಆಡಂಗಿಲ್ಲ."

ನರಸಿಂಹರಾಜು ಕೃತಜ್ಞತೆಯಿಂದ ಕೈ ಮುಗಿದ. "ಶ್ವ..."

ಅಶ್ವಿನಿ ಬಾಗಿಲ ಮೂಲೆಯ ಸಮ್ಮಾರ್ಜನಿಯತ್ತ ಕೈ ಚಾಚಿದಳು.

"ಸರಿ, ಮಾವ," ಎಂದ ನರಸಿಂಹರಾಜು.