ಗುರುತಿಲ್ಲದವರಿಗೆ ಮಾತ್ರ ನೌಕರಿ

1996ರವರೆಗೆ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ನೌಕರಿಗೆ ಎರಡು ಅರ್ಹತೆಗಳು ಬೇಕಾಗಿದ್ದವು: ಪದವಿ ಮತ್ತು ಪರಿಚಯ. ಪದವಿಯನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅದು ಎಲ್ಲರ ಬಳಿಯೂ ಇತ್ತು.

ಜಡೆಯ ಮೈತ್ರಿ ಬಿ.ಕಾಂ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ ಮನೆಯಲ್ಲಿ ಕೂತಾಗ ಅವಳ ಅಪ್ಪ ಧರ್ಮಪ್ಪ, "ನಾಕು ಜನರ ಪರಿಚಯ ಮಾಡ್ಕ. ಕೆಲಸ ಅದಾಗೇ ಬರ್ತದೆ" ಎಂದ. ಮೈತ್ರಿ ವಿಧೇಯ ಮಗಳು. ಸೊರಬದಿಂದ ಶಿಕಾರಿಪುರದವರೆಗೆ ಒಂದು ಮದುವೆ ಮನೆಯನ್ನೂ ಬಿಡಲಿಲ್ಲ. ಕರೆದಲ್ಲಿ ಉಂಡಳು, ಕರೆಯದಲ್ಲಿ ಬಡಿಸಿದಳು. ಬಸ್ಸಿನಲ್ಲಿ ನೌಕರಿದಾರರ ಅತ್ತೆಯಂದಿರಿಗೆ ಸೀಟು ಬಿಟ್ಟುಕೊಟ್ಟಳು. ಗುಮಾಸ್ತರ ಮಕ್ಕಳ ಹೆಸರು, ಸಾಹೇಬರ ಮಂಡಿನೋವು ಎಲ್ಲವೂ ಅವಳಿಗೆ ಬಾಯಿಪಾಠವಾದವು. ಎರಡು ವರ್ಷದಲ್ಲಿ ಆ ದಾರಿಯುದ್ದಕ್ಕೂ ಅವಳನ್ನು ಗುರುತಿಸದವರೇ ಉಳಿಯಲಿಲ್ಲ. "ಜಾಗ ಖಾಲಿ ಆಗ್ಲಿ, ಮೊದ್ಲು ನಿನ್ನೇ ಕರೆಯದು" ಎಂದು ಎಲ್ಲರೂ ಹೇಳಿದ್ದರು.

ಜಾಗ ಖಾಲಿಯಾಯಿತು. ಎರಡೂ ತಾಲ್ಲೂಕಿನ ರೈತರಿಗೆ ಯೂರಿಯಾ ಹಂಚುತ್ತಿದ್ದ, ಸೊರಬದ ವರದಾತೀರ ಬೀಜ-ಗೊಬ್ಬರ ಸಹಕಾರ ಸಂಘಕ್ಕೆ ಒಬ್ಬ ಗುಮಾಸ್ತ ಬೇಕಾಗಿತ್ತು. ಆದರೆ ಅದೇ ವೇಳೆಗೆ, ಸಂಘದ ನೌಕರರೆಲ್ಲ ಅಧ್ಯಕ್ಷ ಪರಮಶಿವಪ್ಪನವರ ನೆಂಟರೆಂದು ಸದಸ್ಯರು ಗಲಾಟೆ ಎಬ್ಬಿಸಿದರು. ಇದು ಪೂರ್ತಿ ನಿಜವಲ್ಲ. ಏಳು ನೌಕರರಲ್ಲಿ ಆರು ಜನ ಮಾತ್ರ ಹಬ್ಬದ ದಿನ ಅಧ್ಯಕ್ಷರ ಮನೆಯಲ್ಲಿ ಉಣ್ಣುತ್ತಿದ್ದರು. ಏಳನೆಯವನಾದ ಜವಾನ ಹುಚ್ಚರಾಯಪ್ಪ ಅಲ್ಲಿ ಎಲೆ ಎತ್ತುತ್ತಿದ್ದ.

ಅಪವಾದದಿಂದ ನೊಂದ ಅಧ್ಯಕ್ಷರು ಪ್ರಕಟಣೆ ಹೊರಡಿಸಿದರು: "ಇನ್ನು ಮುಂದೆ ಸಂಘದ ಯಾರೊಬ್ಬರಿಗೂ ಪರಿಚಯವಿಲ್ಲದ ಅಭ್ಯರ್ಥಿಯನ್ನೇ ನೇಮಿಸತಕ್ಕದ್ದು. ಅಭ್ಯರ್ಥಿಗಳನ್ನು ಸಿಬ್ಬಂದಿಯ ಎದುರು ನಿಲ್ಲಿಸಿ ಅಪರಿಚಯ ಪರೀಕ್ಷೆ ನಡೆಸಲಾಗುವುದು. ಗುರುತು ಸಿಕ್ಕವರು ಅನರ್ಹರು."

ಮೈತ್ರಿ ಸಂಘದ ಕಾರ್ಯದರ್ಶಿ ಲೋಕಪ್ಪನವರ ಮನೆಗೆ ಓಡಿದಳು.

"ಸಾರ್, ದಯವಿಟ್ಟು ನನ್ನ ಮರೆತುಬಿಡ್ರಿ."

"ಹೆಂಗೆ ಮರೆಯದು ಮಾರಾಯ್ತಿ? ನನ್ನ ಮಗಳ ಮದುವೇಲಿ ಕೋಸಂಬರಿ ಬಡಿಸಿದವಳು ನೀನು."

"ಅದಕ್ಕೆ ಉಪ್ಪು ಜಾಸ್ತಿ ಆಗಿತ್ತು ಸಾರ್."

"ಅದಕ್ಕೇ ನೆನಪಿರದು."

ಆದರೂ ಪ್ರಯತ್ನಿಸುವುದಾಗಿ ಲೋಕಪ್ಪ ಮಾತು ಕೊಟ್ಟರು.

ಪರೀಕ್ಷೆಯ ದಿನ ಸಿಬ್ಬಂದಿ ಗೊಬ್ಬರದ ಚೀಲಗಳ ನಡುವೆ ಬೆಂಚು ಹಾಕಿಕೊಂಡು ಕುಳಿತಿತ್ತು. ಮೈತ್ರಿ ಒಳಗೆ ಬಂದಾಗ ಎಲ್ಲರೂ ಕನಿಕರದಿಂದ ತಲೆಯೆತ್ತಿ ಸೂರು ನೋಡತೊಡಗಿದರು. ಅವಳಿಗೆ ಹೇಗಾದರೂ ನೆರವಾಗಬೇಕೆಂದಿದ್ದ ಹುಚ್ಚರಾಯಪ್ಪ ಎಲ್ಲರಿಗೂ ಕೇಳುವಂತೆ, "ಯಾರಮ್ಮ ನೀನು, ಮೈತ್ರಿ?" ಎಂದ.

ಮೈತ್ರಿ ಅನುತ್ತೀರ್ಣಳಾದಳು.

ಮುಂದಿನ ಅಭ್ಯರ್ಥಿ ಶಿಕಾರಿಪುರದ ಸಿದ್ಧಲಿಂಗೇಶ್. ಅಧ್ಯಕ್ಷರ ಒಡಹುಟ್ಟಿದ ತಂಗಿಯ ಮಗ. ಹೈಸ್ಕೂಲಿನಿಂದ ಅವರ ಮನೆಯಲ್ಲೇ ಬೆಳೆದವನು. ಅಂದು ಬೆಳಿಗ್ಗೆಯೂ ಅವರ ಸ್ಕೂಟರಿನ ಹಿಂದೆ ಕೂತೇ ಬಂದಿದ್ದ. ಅಧ್ಯಕ್ಷರು ಕನ್ನಡಕ ಏರಿಸಿ ದಿಟ್ಟಿಸಿದರು.

"ಯಾರಪ್ಪ ನೀನು? ಯಾರ ಮಗ?"

"ನಿಮ್ಮ ತಂಗಿ ಮಗ, ಮಾವ."

ಅಧ್ಯಕ್ಷರು ಅಲುಗಲಿಲ್ಲ. "ಪರಮಶಿವಪ್ಪನಿಗೆ ತಂಗಿ ಇರಬಹುದು. ಅಧ್ಯಕ್ಷರಿಗೆ ತಂಗಿ ಇಲ್ಲ. ಗುರುತು ಸಿಗಲಿಲ್ಲ ಅಂತ ಬರ್ಕಳ್ರಿ, ಲೋಕಪ್ಪ."

"ಸಾರ್, ಅವರು ಮಾವ ಅಂದ್ರಲ್ಲ!" ಮೈತ್ರಿ ಬಾಗಿಲಿನಿಂದಲೇ ಕೂಗಿದಳು.

ಲೋಕಪ್ಪ ತಾಳ್ಮೆಯಿಂದ ವಿವರಿಸಿದರು: "ನೋಡಮ್ಮ, ಸಂಘಕ್ಕೆ ಅಭ್ಯರ್ಥಿಯ ಪರಿಚಯ ಇರಬಾರದು ಅಂತ ನಿಯಮ. ಅಭ್ಯರ್ಥಿಗೆ ಸಂಘದ ಪರಿಚಯ ಇರಬಾರದು ಅಂತ ಎಲ್ಲಿ ಬರೆದಿದೆ?"

ಮೈತ್ರಿ ಬಸ್ ನಿಲ್ದಾಣಕ್ಕೆ ಹೋಗಿ ಅಳಲು ಕುಳಿತಳು. ಅದೂ ಆಗಲಿಲ್ಲ. ಬಂದ ಬಸ್ಸಿನಿಂದೆಲ್ಲ ಯಾರಾದರೊಬ್ಬರು ಇಳಿದು, "ಎಂತ ಆಯ್ತು ಮೈತ್ರಿ?" ಎಂದು ಕೇಳುತ್ತಿದ್ದರು.

ಸಿದ್ಧಲಿಂಗೇಶ್ ಗುಮಾಸ್ತನಾದ. ಅಪರಿಚಿತನೆಂದು ನೇಮಕವಾದವನು ನಿವೃತ್ತಿಯವರೆಗೂ ಅಪರಿಚಿತನಾಗಿಯೇ ಉಳಿಯತಕ್ಕದ್ದೆಂದು ಸಂಘ ಉಪನಿಯಮ ಮಾಡಿದ್ದರಿಂದ ಅವನು ಯಾರ ಮುಖವನ್ನೂ ನೆನಪಿಟ್ಟುಕೊಳ್ಳಲಿಲ್ಲ. ಜಡೆಯ ಮಲ್ಲೇಶಪ್ಪನ ಗೊಬ್ಬರ ತಾಳಗುಂದದ ಮಲ್ಲೇಶಪ್ಪನ ಗಾಡಿಗೆ ಹೋಯಿತು. ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ಕೊನೆಗೆ ಅಧ್ಯಕ್ಷರೇ ಜಡೆಗೆ ಬಂದರು.

"ಮೈತ್ರಿ, ನಿಂಗೆ ಎಲ್ಲರೂ ಗೊತ್ತು. ಗುರುತು ಸಹಾಯಕಿಯಾಗಿ ಬಾರಮ್ಮ. ನೀನು ಹೌದು ಅಂದವರೇ ಸದಸ್ಯರು."

"ಸಂಬಳ ಎಷ್ಟು ಸಾರ್?"

"ಗೌರವ ಹುದ್ದೆ. ಆದ್ರೆ ಎಷ್ಟು ಜನರ ಪರಿಚಯ ಆಗ್ತದೆ, ಯೋಚನೆ ಮಾಡು!"

ಮೈತ್ರಿ ಯೋಚನೆ ಮಾಡಿ ಒಪ್ಪಿದಳು. ಅವಳು ಕೆಲಸಕ್ಕೆ ಸೇರಿದ ದಿನವೇ ಅಧ್ಯಕ್ಷರು ತಮ್ಮ ಮೆಕ್ಕೆಜೋಳಕ್ಕೆ ಯೂರಿಯಾ ಒಯ್ಯಲು ಬಂದರು. ಅವರನ್ನು ಗುರುತಿಸಲು ಸಿದ್ಧಲಿಂಗೇಶನಿಗೆ ನಿಯಮ ಅಡ್ಡಬಂತು. ಅವನು ಮೈತ್ರಿಯ ಕಡೆ ತಿರುಗಿದ.

"ಇವರು ಯಾರ್ರೀ?"

ಮೈತ್ರಿ ಅಧ್ಯಕ್ಷರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಂಗೆ ಗೊತ್ತಿಲ್ಲ."

"ಏ, ನಾನು ಅಧ್ಯಕ್ಷ ಕಣೇ!"

"ಬಂದವರೆಲ್ಲ ಹಂಗೇ ಅಂತಾರೆ. ಆಚೆ ನಿಂತ್ಕಳ್ರಿ."

ಅಧ್ಯಕ್ಷರಿಗೆ ಏನೂ ಮಾಡಲಾಗಲಿಲ್ಲ. ಉಪನಿಯಮದ ಕೆಳಗೆ ಅವರದೇ ಸಹಿಯಿತ್ತು. ಜೋಳ ಹಳದಿಗೆ ತಿರುಗಿದ ಮೇಲೆ ಮತ್ತೆ ಬಂದು ತಗ್ಗಿದ ದನಿಯಲ್ಲಿ, "ನನ್ನ ಗುರುತು ಸಿಗಕ್ಕೆ ಎಂತ ಮಾಡ್ಬೇಕಮ್ಮ?" ಎಂದರು.

"ಕೆಲಸ ಖಾಯಂ ಆದ್ರೆ ನೆನಪು ಗಟ್ಟಿ ಇರ್ತದೆ ಸಾರ್."

ಮಧ್ಯಾಹ್ನದ ಊಟದೊಳಗೆ ಮೈತ್ರಿಗೆ ತುಟ್ಟಿಭತ್ಯೆ ಸಹಿತ ಖಾಯಂ ಆದೇಶ ಬಂತು. ಊಟವಾದ ಮೇಲೆ ಅವಳು ಎದ್ದು ನಿಂತು, "ಓ, ಅಧ್ಯಕ್ಷರು! ಯಾವಾಗ ಬಂದ್ರಿ?" ಎಂದಳು.

ಆ ವರ್ಷದ ಮಹಾಸಭೆಯಲ್ಲಿ ಅಧ್ಯಕ್ಷರು ವರದಿ ಓದಿದರು. ಸಂಘದಲ್ಲಿ ಈಗ ಯಾವ ನೌಕರರಿಗೂ ಯಾವ ಸಂಬಂಧಿಕರೂ ಇಲ್ಲವೆಂದು ತಿಳಿಸಲು ಅವರಿಗೆ ಹರ್ಷವಾಗಿತ್ತು. ಆಕ್ಷೇಪಣೆ ಇದ್ದ ಸದಸ್ಯರು ಹೇಳಬಹುದೆಂದಾಗ ಹಿಂದಿನ ಸಾಲಿನಲ್ಲಿ ಧರ್ಮಪ್ಪ ಎದ್ದು ನಿಂತ.

"ನನ್ನ ಪಾಲಿನ ಗೊಬ್ಬರ ಇನ್ನೂ ಬಂದಿಲ್ಲ ಸ್ವಾಮಿ."

ಅಧ್ಯಕ್ಷರು ಮೈತ್ರಿಯನ್ನು ನೋಡಿದರು. "ಇವರು ಯಾರು?"

ಮೈತ್ರಿ ಅಪ್ಪನನ್ನು ನೋಡಿದಳು. ಅವನ ಅಂಗಿಯ ಕಾಲರು ಹರಿದಿತ್ತು. ಮೊದಲ ಸಂಬಳದಲ್ಲಿ ಹೊಸದು ಹೊಲಿಸಬೇಕೆಂದುಕೊಂಡಳು. ಆಮೇಲೆ, "ಗೊತ್ತಿಲ್ಲ ಸಾರ್" ಎಂದಳು.

ಧರ್ಮಪ್ಪ ಕೂತ. ವರದಿ ಸರ್ವಾನುಮತದಿಂದ ಅಂಗೀಕಾರವಾಯಿತು.

"ನೋಡಿದ್ಯನ?" ಅವನು ಪಕ್ಕದವನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದ. "ನಮ್ಮ ಹುಡುಗಿ ಕೆಲಸ ಕಲ್ತಳು." ಮತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.