ಎಲ್ಲ ಬಲ್ಲ ಕಂಪ್ಯೂಟರು, ಒಂದೇ ಬಲ್ಲ ಡಬ್ಬಿ

"ಇಡೀ ಮನೆಗೆ ಒಂದೇ ಕಂಪ್ಯೂಟರು ಸಾಕು" ಎಂದು ಘೋಷಿಸಿದ ದಿನ, ತೈನಾನಿನ ನಿವೃತ್ತ ಗಣಿತ ಮೇಷ್ಟ್ರು ಲೈ ಕುನ್‌ಶಿಂಗರ ಮುಖದಲ್ಲಿ ಸಾಮ್ರಾಜ್ಯ ಗೆದ್ದ ಕಳೆಯಿತ್ತು. ಯಾರು ಬೇಕಾದರೂ ಪುಕ್ಕಟೆ ಪಡೆದು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಅವರು ಹಳೆಯ ಕಂಪ್ಯೂಟರಿಗೆ ತಾವೇ ತುಂಬಿದ್ದರು. ಅದು ಹಾಡುತ್ತಿತ್ತು, ಪತ್ರ ಮುದ್ರಿಸುತ್ತಿತ್ತು, ನಲವತ್ತು ವರ್ಷದ ಫೋಟೋಗಳನ್ನು ಕಾಯುತ್ತಿತ್ತು. ಅಂಥದ್ದಕ್ಕೆ ಮನೆಗೆ ಇಂಟರ್‌ನೆಟ್ ಹಂಚುವುದೊಂದು ಲೆಕ್ಕವೇ?

ಅದುವರೆಗೆ ಆ ಕೆಲಸ ಮಾಡುತ್ತಿದ್ದದ್ದು ಅಂಗೈಯಗಲದ ರೌಟರ್ ಡಬ್ಬಿ. ಅದರೊಳಗಿದ್ದದ್ದೂ ಲಿನಕ್ಸಿನ ಕುಡಿಯೇ. ಆದರೆ ಇಂಟರ್‌ನೆಟ್ ಹಂಚುವ ವಿದ್ಯೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸವರಿ ತೆಗೆದದ್ದು. ಹಾಕಿಕೊಟ್ಟವನು ಹಳೆಯ ಶಿಷ್ಯ ಮಿಂಗ್‌ಯೂ. ರೇಖಾಗಣಿತದಲ್ಲಿ ನೂರಕ್ಕೆ ನೂರು, ಉಳಿದ ವಿಷಯಗಳಲ್ಲಿ ಸೊನ್ನೆ. "ಎಲ್ಲವನ್ನೂ ಕಲಿಯೋ" ಎಂದು ಹಿಂದೆ ಅವನ ಕಿವಿ ಹಿಂಡಿದ್ದ ಮೇಷ್ಟ್ರು, ಈಗ ಅವನ ಡಬ್ಬಿಯನ್ನು ಕಿತ್ತು ಮೇಜಿನ ಖಾನೆಗೆ ತಳ್ಳಿದರು.

"ನಿನ್ನ ಅಡುಗೆಮನೇನೇ ನೋಡು," ಎಂದರು ಹೆಂಡತಿ ಶ್ಯೂಚಿನ್‌ಗೆ. "ಅಗಲವಾದ ಒಂದೇ ಕತ್ತಿ. ಮೂಳೆ ಕಡಿಯೋದು, ಶುಂಠಿ ಹೆಚ್ಚೋದು, ಬೆಳ್ಳುಳ್ಳಿ ಜಜ್ಜೋದು ಎಲ್ಲಾ ಅದರಲ್ಲೇ."

"ಹೌದು ರೀ. ಆದ್ರೆ ಮೂರನ್ನೂ ಒಟ್ಟಿಗೆ ಮಾಡಲ್ಲ."

ಮರುದಿನ ಮೇಷ್ಟರ ತಂದೆಯ ತಿಥಿ. ದೂರದ ಹ್ವಾಲಿಯೆನ್‌ನಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅಕ್ಕನಿಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಬರಲಾಗಿರಲಿಲ್ಲ. "ಟೀವಿಯಲ್ಲೇ ಕರೀತೀನಕ್ಕಾ, ಅಪ್ಪನ ಎದುರಿಗೇ ನಿಂತ ಹಾಗಿರುತ್ತೆ" ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಹಿರಿಯರ ಪೀಠದ ಮುಂದೆ ಕೋಳಿ, ಮೀನು, ತಂದೆಗೆ ಇಷ್ಟವಾದ ಕಳಲೆ ಸಾರು ಸಜ್ಜಾದವು. ಟೀವಿಯಲ್ಲಿ ಅಕ್ಕ ಕೈಮುಗಿದರು. ಊದುಬತ್ತಿ ಅರ್ಧ ಉರಿದ ಮೇಲೆ ಶ್ಯೂಚಿನ್, ಹಿರಿಯರ ಉತ್ತರ ಕೇಳಲು ನೆಲಕ್ಕೆ ಎಸೆಯುವ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಎತ್ತಿಕೊಂಡರು. ಅವುಗಳದು ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹಿರಿಯರ ಉತ್ತರ ಹೌದು. ಎರಡೂ ಬೋರಲಾದರೆ ಇಲ್ಲ. ಚಪ್ಪಟೆ ಮುಖ ಮೇಲಾಗಿ ಎರಡೂ ಅಂಗಾತ ಬಿದ್ದರೆ, ಹಿರಿಯರು ನಗುತ್ತಿದ್ದಾರೆ.

"ಮಾವಾ, ಊಟ ಆಯ್ತಾ?"

ಎರಡೂ ಬೋರಲು. ಅದೇ ಗಳಿಗೆಗೆ ಟೀವಿಯಲ್ಲಿ ಅಕ್ಕ ಬಾಯಿ ತೆರೆದು ಕಲ್ಲಾದರು.

ಮೇಷ್ಟ್ರು ಕಂಪ್ಯೂಟರಿನತ್ತ ಓಡಿದರು. ಆ ಸಕಲವಿದ್ಯಾಪಾರಂಗತವು ನಲವತ್ತು ಸಾವಿರ ಫೋಟೋಗಳನ್ನು ವಿಂಗಡಿಸುತ್ತ, ಜೊತೆಗೆ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತ ಏದುಸಿರು ಬಿಡುತ್ತಿತ್ತು. ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಬಾಕಿ.

"ಸಾರು ಆರಿಹೋಗ್ತಾ ಇದೆ ರೀ," ಶ್ಯೂಚಿನ್ ಕೂಗಿದರು. "ಮೂರು ಸಲ ಕೇಳಿದೆ, ಇಲ್ಲ ಅಂತಾರೆ. ಮಗಳು ಕಾಣದೆ ಮಾವನಿಗೆ ತುತ್ತು ಇಳೀತಿಲ್ಲ."

ಮೇಷ್ಟ್ರು ಖಾನೆ ತೆರೆದು ಡಬ್ಬಿಯನ್ನು ಸಿಕ್ಕಿಸಿದರು. ಅರ್ಧ ನಿಮಿಷ. ಹಸಿರು ದೀಪ ಮಿನುಗಿತು.

"ತಮ್ಮಾ, ಅಪ್ಪಂಗೆ ಸಾರು ಬಿಸಿಯಾಗಿ ಬಡಿಸಿದ್ಯೇನೋ?" ಅಕ್ಕ ಬಂದಿದ್ದರು.

ತುಂಡುಗಳು ಬಿದ್ದವು. ಒಂದು ಅಂಗಾತ, ಒಂದು ಬೋರಲು.

ಮೇಷ್ಟರ ಎದೆ ಮತ್ತೆ ಉಬ್ಬಿತು. "ನೋಡಿದ್ಯಾ? ನನ್ನ ಶಿಷ್ಯನ ಕೈಕೆಲಸ. ಒಂದೇ ವಿದ್ಯೆ ಸಾಕು ಅಂತ ಅವನಿಗೆ ಹೇಳಿಕೊಟ್ಟವನೇ ನಾನು."

ಶ್ಯೂಚಿನ್ ತುಂಡುಗಳನ್ನು ಮತ್ತೆ ಎತ್ತಿಕೊಂಡರು. "ಮಾವಾ, ನಿಮ್ಮ ಮಗ ಹೇಳೋದು ನಿಜವಾ?"

ತುಂಡುಗಳು ನೆಲದ ಮೇಲೆ ಒಂದು ಸುತ್ತು ತಿರುಗಿ, ಎರಡೂ ಅಂಗಾತ ಮಲಗಿದವು.

ಟೀವಿಯಲ್ಲಿ ಅಕ್ಕ ಕಣ್ಣೊರೆಸಿಕೊಂಡರು. "ಅಪ್ಪ ನಕ್ಕು ಎಷ್ಟು ವರ್ಷ ಆಗಿತ್ತೋ ತಮ್ಮಾ."