ಹೂವು ಬಾಡತಕ್ಕದ್ದಲ್ಲ

ನಮ್ಮ ಕಚೇರಿಯಲ್ಲಿ ಹೂವು ಬಾಡುವುದಿಲ್ಲ. ಇದು ಹೊಗಳಿಕೆಯಲ್ಲ, ಆದೇಶ.

ಮೊದಲು ಬಾಡುತ್ತಿದ್ದವು. ನಿರ್ದೇಶಕರ ಮೇಜಿನ ಹೂದಾನಿಗೆಂದು ಪ್ರತಿ ಸೋಮವಾರ ಹನ್ನೆರಡು ಗುಲಾಬಿ ಬರುತ್ತವೆ. ಶನಿವಾರದವರೆಗೆ ಅವು ತಲೆಯೆತ್ತಿ ನಿಂತಿರಬೇಕೆಂಬುದು ನಿಯಮ. ಬುಧವಾರಕ್ಕೇ ಕತ್ತು ಬಗ್ಗಿಸುತ್ತಿದ್ದವು. ಹೊಣೆ ಹೂದಾನಿ ನೋಡಿಕೊಳ್ಳುವ ಹೂವಕ್ಕನದು. ಅವಳದು ಒಂಬತ್ತು ವರ್ಷದಿಂದ ಹಂಗಾಮಿ ನೌಕರಿ. ಒಂದೇ ಒಂದು ತಿಂಗಳು ಹೂವು ಶನಿವಾರ ಮುಟ್ಟಲಿ, ಕಾಯಂ ಮಾಡುತ್ತೇನೆ ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು. ಮನೆಗೆ ಹೋದರೆ ಅವಳ ಅತ್ತೆ ದಿನಾ ಬಾಗಿಲಲ್ಲೇ "ಆಯ್ತೇನೇ?" ಎಂದು ಕೇಳುತ್ತಿದ್ದರಂತೆ.

ಕಚೇರಿಗೆ ಏನೇ ಬರಲಿ, ಆವಕ ವಿಭಾಗದಲ್ಲಿ ಒಂದು ದಿನ ಮಲಗಬೇಕು, ಸಂಖ್ಯೆ ಬೀಳಬೇಕು, ಮೊಹರು ಬೀಳಬೇಕು. ಆ ವಿಭಾಗದ ಗುಮಾಸ್ತ ನಾನೇ. ಕೈಗೆ ಮುಳ್ಳು ಚುಚ್ಚಿಸಿಕೊಂಡು ಒಂದೊಂದು ಎಲೆಗೂ ಮೊಹರು ಒತ್ತಿದವನು.

"ಸಾರ್, ಬಂದ ತಕ್ಷಣ ನೀರಿಗೆ ಹಾಕೋಣ. ದಂಟು ಓರೆಯಾಗಿ ಕತ್ತರಿಸಿ, ದಿನಾ ನೀರು ಬದಲಾಯಿಸಿದ್ರೆ ಸಾಕು, ವಾರ ಪೂರ್ತಿ ಇರ್ತವೆ" ಎಂದಳು ಹೂವಕ್ಕ.

"ಸಂಖ್ಯೆ ಬೀಳದೆ ಬಳಸೋ ಹಾಗಿಲ್ಲಮ್ಮ. ಕತ್ತರಿಸಿದ್ರೆ ಅಳತೆ ಕಮ್ಮಿಯಾಗುತ್ತೆ. ಉತ್ತರ ಕೊಡೋರು ಯಾರು?" ಎಂದೆ.

"ಒಣಗಿ ಹೋದ್ರೆ?"

"ಒಣಗಿದ್ರೂ ದಂಟಿನ ಉದ್ದ ಹಾಗೇ ಇರುತ್ತಲ್ಲ."

ಅವಳು ತಂದಿದ್ದ ನೀರಿನ ಬಕೆಟ್ ಎತ್ತಿಕೊಂಡು ಹೊರಟಳು. ನ್ಯಾಯವಾದ ಮಾತಿಗೆ ಯಾರಾದರೂ ತಲೆಬಾಗಲೇಬೇಕು.

ಕೊನೆಗೆ ಐವರ ಸಮಿತಿಯಾಯಿತು. ಸದಸ್ಯರು ತಂಪಿನಲ್ಲಿ ಹೂವು ಹೇಗಿರುತ್ತವೆಂದು ತಿಳಿಯಲು ಮೂರು ತಿಂಗಳು ಗಿರಿಧಾಮಗಳನ್ನು ಸುತ್ತಿ, ಮೈಕೈ ತುಂಬಿಕೊಂಡು ಬಂದರು. ಸುತ್ತೋಲೆ ಹೊರಬಿತ್ತು: "ಬಾಡುವಿಕೆ ದೃಢೀಕರಣಾಧಿಕಾರಿಯು ಲಿಖಿತವಾಗಿ ದೃಢಪಡಿಸದ ಹೊರತು ಯಾವುದೇ ಹೂವು ಬಾಡಿದೆಯೆಂದು ಭಾವಿಸತಕ್ಕದ್ದಲ್ಲ. ಸದರಿ ಹುದ್ದೆಯನ್ನು ಈ ಮೂಲಕ ಸೃಜಿಸಲಾಗಿದ್ದು, ಭರ್ತಿ ಮಾಡತಕ್ಕದ್ದಲ್ಲ."

ಅಂದಿನಿಂದ ಹೂದಾನಿಯಲ್ಲಿ ಅವೇ ಹನ್ನೆರಡು ಗುಲಾಬಿಗಳು. ಬಂದವರೆಲ್ಲ ಬಗ್ಗಿ ಮೂಸಿ "ಆಹಾ" ಅನ್ನುತ್ತಾರೆ. ಸೋಮವಾರದ ಹೂವು ಈಗಲೂ ಬರುತ್ತವೆ, ನೇರವಾಗಿ ಸಮಿತಿಯವರ ಮನೆಗಳಿಗೆ ಹೋಗುತ್ತವೆ. ಅಲ್ಲಿ ಹೋದ ತಕ್ಷಣ ದಂಟು ಕತ್ತರಿಸಿ ನೀರಿಗೆ ಹಾಕುತ್ತಾರಂತೆ.

ತಿಂಗಳು ಕಳೆಯಿತು. ಹೂವಕ್ಕ ಸೆರಗು ಸರಿಮಾಡಿಕೊಂಡು ನಿರ್ದೇಶಕರ ಮುಂದೆ ನಿಂತಳು. "ಸಾರ್, ನಾಲ್ಕು ಶನಿವಾರ ದಾಟಿತು. ನನ್ನ ಕಾಯಂ ವಿಷಯ..."

"ಬಾಡದ ಹೂವಿಗೆ ಆರೈಕೆ ಯಾಕಮ್ಮ? ನಿಮ್ಮ ಹುದ್ದೆ ಮೊನ್ನೆಯೇ ರದ್ದಾಯ್ತಲ್ಲ!"

ಕಡತ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಅವಳ ಮುಖ ನೋಡಿ ಪಾಪ ಎನಿಸಿತು. ಆದರೆ ಅದು ನನ್ನ ವಿಭಾಗಕ್ಕೆ ಸೇರಿದ ವಿಷಯವಲ್ಲ.

ನಿರ್ದೇಶಕರು ಕಲ್ಲೆದೆಯವರೇನಲ್ಲ. ಮೇಜಿನ ಮೇಲೆ ಸ್ವಇಚ್ಛೆಯಿಂದ ಉದುರುವ ದಳಗಳನ್ನು ಎತ್ತಿಹಾಕಲು ಹೊಸದೊಂದು ಹಂಗಾಮಿ ಹುದ್ದೆ ತೆರೆದರು. ಅರ್ಜಿಯ ಜೊತೆ ಒಂದೇ ಒಂದು ಹೇಳಿಕೆ ಬೇಕಿತ್ತು: "ಈ ಕಚೇರಿಯಲ್ಲಿ ಬಾಡಿದ ಹೂವನ್ನು ನಾನು ಎಂದೂ ಕಂಡಿಲ್ಲ."

ಹೂವಕ್ಕ ಹೂದಾನಿಯ ಕಡೆ ನೋಡಿದಳು. ಕಪ್ಪಗೆ ಸುರುಟಿಕೊಂಡ ಒಂದು ಗುಲಾಬಿಯನ್ನು ಮೆಲ್ಲಗೆ ಮುಟ್ಟಿದಳು. ಅದು ಅವಳ ಬೆರಳಲ್ಲೇ ಪುಡಿಯಾಯಿತು.

"ಎಲ್ಲಿ ಸಾರ್, ಸಹಿ ಹಾಕ್ಬೇಕಾದ್ದು?"

ತೋರಿಸಿದೆ. ಹಾಕಿದಳು. ಒಂಬತ್ತು ವರ್ಷ ಹೂವು ನೋಡಿಕೊಂಡವಳೇ ಬರೆದುಕೊಟ್ಟ ಮೇಲೆ ಕಚೇರಿಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.